ತೊಳೆದುಕೊಟ್ಟ ಸ್ಕ್ವಿಡ್

ಮಗಳೇ,

ನೀನು ಫೋನ್ ಎತ್ತಿದ್ದರೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಯುವ ಪೀಡೆ ನನಗಿರುತ್ತಿರಲಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನನ್ನ ಬಲೆಗೆ ಬಿದ್ದ ಆ ಕಪ್ಪು ಚುಕ್ಕೆಯ ಸ್ಕ್ವಿಡ್ ನಿನ್ನ ಲ್ಯಾಬಿಗೆ ಬೇಕು, ಹಾಗೇ ಐಸಿನಲ್ಲಿಡಿ ಎಂದು ನೀನು ಹೇಳಿದ್ದು ನಿಜ. ಆದರೆ ಮಗಳ ಕೈಗೆ ಗಲೀಜು ಮೀನು ಕೊಡಲು ಮನಸ್ಸು ಬರಲಿಲ್ಲ. ಪೊರೆ ಸುಲಿದೆ, ಒಳಗಿನ ಗಾಜಿನಂಥ ಗರಿ ಎಳೆದೆ, ಉದ್ದುದ್ದ ಕೈಗಳ ಸಮೇತ ತಲೆ ಕತ್ತರಿಸಿ ಬಿಸಾಕಿದೆ.

ಡಬ್ಬಿ ತೆರೆದವಳೇ ನೀನು, "ಅಯ್ಯೋ ಅಪ್ಪಾ, ಅದರ ಕೈಗಳಲ್ಲಿರೋ ಹೀರುಬಟ್ಟಲುಗಳ ಹಲ್ಲು ನೋಡದೆ ಯಾವ ಪ್ರಭೇದ ಅಂತ ಹೇಗೆ ಹೇಳ್ಲಿ? ಇದು ಹೊಸದೇ ಇರಬಹುದಿತ್ತು" ಎಂದೆ.

"ಹುರಿದು ತಿನ್ನೋದಕ್ಕೆ ಹೆಸರು ಬೇರೆ ಕೇಡು" ಎಂದುಬಿಟ್ಟೆ ನಾನು. ಆ ಮಾತು ಆಡಬಾರದಿತ್ತು. ನೀನು ಊಟಕ್ಕೂ ಕೂರದೆ ಹೋದೆ.

ಆಮೇಲೆ ನಾನು ಕಸದ ಬಕೆಟ್ಟನ್ನೇ ಸುರುವಿ ಹುಡುಕಿದೆ. ಒಂದು ಉದ್ದನೆಯ ಕೈ ಸಿಕ್ಕಿದೆ, ತುದಿಯಲ್ಲಿ ಬಟ್ಟಲುಗಳಿವೆ. ಈ ಸಲ ತೊಳೆಯದೆ ಐಸಿನಲ್ಲಿಟ್ಟಿದ್ದೇನೆ. ನಿಮ್ಮಮ್ಮ ನಾರುತ್ತದೆ ಎಂದು ಬೈಯುತ್ತಿದ್ದಾಳೆ, ಬೈಯಲಿ. ಇಷ್ಟರಿಂದ ಏನಾದರೂ ತಿಳಿದೀತೇ? ಆಗದಿದ್ದರೆ ಆಗದು ಎಂದೇ ಹೇಳು, ಆದರೆ ನೀನೇ ಹೇಳು.

ಸೋಮವಾರ ನನ್ನ ದೋಣಿ ಹೊರಡುತ್ತದೆ. ಭಾನುವಾರದೊಳಗೆ ಉತ್ತರ ಬರಬೇಕು.

ನಿನ್ನ ಅಪ್ಪ