ಕುಬ್ರಾ ಆಪಾಗೆ ನಾನು ಕೊಟ್ಟ ಗುಳಿಗೆಗಳು

ಕುಬ್ರಾ ಆಪಾ,

ಸುರಪುರದಿಂದ ನಿಮ್ಮ ಪರಿಮಳಾ ಟೀಚರ್ ಮಾಡುವ ಸಲಾಮು.

ವರ್ಗವಾಗಿ ಇಲ್ಲಿಗೆ ಬಂದು ಮೂರು ತಿಂಗಳಾಯಿತು. ವನದುರ್ಗ ಬಿಡುವ ದಿನ ನೀವು ಶಾಲೆಯ ಅಡುಗೆ ಕೋಣೆಯಿಂದ ಹೊರಗೆ ಬಂದು ನನ್ನ ತಲೆ ಸವರಿದಿರಿ. ಆಗಲೇ ಹೇಳಬೇಕಾಗಿದ್ದ ಮಾತೊಂದು ಒಳಗೇ ಉಳಿಯಿತು. ಆಮೇಲೆ ಎರಡು ಸಲ ಫೋನು ಹಚ್ಚಿದೆ. ನೀವು ಎತ್ತಿದ ಕೂಡಲೇ ಬೇರೇನೋ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ನಿಮ್ಮ ಹಲ್ಲುನೋವಿಗೆ ಮೊದಲ ಗುಳಿಗೆ ಕೊಟ್ಟವಳು ನಾನು. ನೂರಾ ಹತ್ತು ಮಕ್ಕಳ ಅನ್ನ ಒಲೆಯ ಮೇಲಿಟ್ಟು ನೀವು ದವಡೆ ಹಿಡಿದು ಕುಳಿತಿದ್ದಿರಿ. ನನ್ನ ತಲೆನೋವಿಗೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದ ಒಂದನ್ನು ಕೊಟ್ಟೆ. ಅರ್ಧ ತಾಸಿಗೆ ನೀವು ನಗುತ್ತ, "ನಿಮ್ ಕೈಗುಣ ಚೊಲೋ ಐತ್ರಿ ಅಕ್ಕೋರೆ" ಎಂದಿರಿ. ಆ ಒಂದು ದಿನದ ಮಟ್ಟಿಗೆ ಅದು ತಪ್ಪಲ್ಲ. ಮರುದಿನ ಮತ್ತೆ ಕೇಳಿದಿರಿ, ಮತ್ತೆ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಒಂದಿದ್ದದ್ದು ಎರಡಾಗಿ, ಖಾಲಿ ಹೊಟ್ಟೆಯಲ್ಲೇ ನುಂಗತೊಡಗಿದಿರಿ. ಒಮ್ಮೆ ಗುಳಿಗೆಯನ್ನು ಹಲ್ಲಿನ ಬುಡಕ್ಕೇ ಒತ್ತಿಟ್ಟುಕೊಂಡಿದ್ದರಿಂದ ಒಸಡು ಸುಟ್ಟು ಬೆಳ್ಳಗಾಗಿತ್ತು.

ಎರಡನೆಯ ವಾರ, ಮಂಗಳವಾರ, ನೀವು ಕೇಳಿದಿರಿ: "ಒಂದಿನ ಸೂಟಿ ಕೊಡ್ರಿ. ಶಹಾಪುರಕ್ ಹೋಗಿ ಹಲ್ಲಿನ ಡಾಕ್ಟರಿಗೆ ತೋರ್ಸಿ ಬರ್ತೀನಿ." ಬಿಸಿಯೂಟದ ಉಸ್ತುವಾರಿ ನನ್ನದು. ಶನಿವಾರ ತಪಾಸಣೆಗೆ ಸಾಹೇಬರು ಬರುವವರಿದ್ದರು. ನಿಮ್ಮ ಬದಲಿಗೆ ಇನ್ನೊಬ್ಬರನ್ನು ಹುಡುಕಲು ನನಗೆ ಮನಸ್ಸಿರಲಿಲ್ಲ. "ತಪಾಸಣಿ ಮುಗೀಲಿ ಆಪಾ, ಸೋಮವಾರ ಹೋಗೀರಂತ" ಎಂದು ಹತ್ತು ಗುಳಿಗೆಯ ಇಡೀ ಶೀಟನ್ನೇ ನಿಮ್ಮ ಕೈಗಿಟ್ಟೆ.

ಶುಕ್ರವಾರ ಬೆಳಿಗ್ಗೆ ನಿಮ್ಮ ಕೆನ್ನೆ, ಗದ್ದದ ಕೆಳಗೆಲ್ಲ ಬಾತಿತ್ತು. ಮೈ ಸುಡುತ್ತಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಉಗುಳು ನುಂಗಲಾಗದೆ ಸೆರಗಿನಿಂದ ಒರೆಸಿಕೊಳ್ಳುತ್ತ, ಆದರೂ ಅಕ್ಕಿ ಆರಿಸುತ್ತ ಕೂತಿದ್ದಿರಿ. ಹಣಮೇಶನ ಆಟೋದಲ್ಲಿ ನಿಮ್ಮನ್ನು ಶಹಾಪುರಕ್ಕೆ ಒಯ್ದೆ. ಹಲ್ಲಿನ ಡಾಕ್ಟರು ನೋಡಿದವರೇ ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತ ಹೇಳಿದರು:

"ಗುಳಿಗಿ ನೋವು ಅಡಗಸ್ತೈತ್ರಿ, ಒಳಗಿನ ಕೀವು ಅಡಗ್ಸಂಗಿಲ್ಲ. ಎರಡು ದಿನಕ್ಕ ನೋವು ಹೋಗ್ಲಿಲ್ಲಂದ್ರ ಬರಬೇಕಿತ್ತು. ಈ ಬಾವು ಗಂಟಲಿಗಿಳದ್ರ ಉಸುರೇ ಕಟ್ಟತೈತಿ. ಯಾರು ಕೊಟ್ರಿ ಇಷ್ಟು ಗುಳಿಗಿ?"

ನಾನು ಉತ್ತರಿಸುವ ಮೊದಲೇ ನೀವು ನಿಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದಿರಿ. ನೀವೇ ಕೊಂಡು ನುಂಗಿದಿರೆಂದು ಅವರು ತಿಳಿದರು. ನಾನು ಅದನ್ನು ತಿದ್ದದೆ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಕೀವು ತೆಗೆದು, ಹಲ್ಲು ಕಿತ್ತು, ಆರು ದಿನಕ್ಕೆ ನಿಮ್ಮನ್ನು ಮನೆಗೆ ಕಳಿಸಿದರು. ನಿಮ್ಮ ಮಗಳು ಚಾಂದಬೀ ವಾರ್ಡಿನ ಹೊರಗೆ ನನ್ನೆರಡೂ ಕೈ ಹಿಡಿದು, "ನೀವು ಇದ್ರಿ ಅಂತ ನಮ್ಮಮ್ಮಿ ಉಳದಾಳ್ರಿ" ಎಂದಳು. ಆಗಲೂ ನಿಜ ಹೇಳಲಿಲ್ಲ. ವರ್ಗವಾದ ನನ್ನನ್ನು ಬೀಳ್ಕೊಡುವಾಗ ಶಾಲು ಹೊದಿಸಿದ ಊರ ಹಿರಿಯರೂ ಅದನ್ನೇ ಹೇಳಿದರು.

ಆಪಾ, ಕೇಳಿದ ದಿನವೇ ಸೂಟಿ ಕೊಟ್ಟಿದ್ದರೆ ಒಂದು ಹಲ್ಲಿನ ಸಂಗತಿಯಾಗಿ ಅದು ಮುಗಿಯುತ್ತಿತ್ತೇನೋ. ಅದನ್ನು ನಿಮ್ಮ ಉಸಿರಿನವರೆಗೆ ತಂದವಳು ನಾನು. ಇದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಎತ್ತಿ ಆಡಲಿಲ್ಲ. ಚಾಂದಬೀಗೆ ಮಾತ್ರ ಗೊತ್ತಿಲ್ಲ. ನಿಮಗೆ ಕನ್ನಡ ಓದಲು ಬಾರದು, ಈ ಕಾಗದವನ್ನು ಅವಳೇ ಓದಿ ಹೇಳುತ್ತಾಳೆ ಎಂದು ತಿಳಿದೇ ಬರೆದಿದ್ದೇನೆ. ಚಾಂದಬೀ, ನಡುವೆ ನಿಲ್ಲಿಸಬೇಡವ್ವ, ಯಾವ ಸಾಲನ್ನೂ ಬಿಡಬೇಡ. ಆಮೇಲೆ ನನ್ನ ಮೇಲೆ ಸಿಟ್ಟಾಗು.

ಬರುವ ಭಾನುವಾರ ಬರುತ್ತೇನೆ. ಬಾಗಿಲು ತೆಗೆದರೆ ಒಳಗೆ, ಇಲ್ಲದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ.

ಕಡಕ್ ರೊಟ್ಟಿ ಅಗಿದು ತಿನ್ನುವ ಆಯುಷ್ಯ, ಆರೋಗ್ಯ ದೇವರು ನಿಮಗೆ ಬಹಳ ಕಾಲ ಕೊಡಲಿ.

ನಿಮ್ಮ ಕ್ಷಮೆ ಕೇಳುವ ಧೈರ್ಯ ಈಗಷ್ಟೇ ಬಂದಿರುವ,
ಪರಿಮಳಾ