ಅಂಗಡಿ ಕೇಕಿನ ಹೆಂಗಸು ಯಾರು?

ಅಮ್ಮಾ,

ಬಿಸಿಲಿಗೆ ಹೆದರಿ ನೆಲದಡಿಯಲ್ಲೇ ಮನೆ ಮಾಡಿಕೊಂಡಿರುವ ಓಪಲ್ ಹರಳಿನ ಗಣಿಯ ಊರಿಗೆ ಬಂದಿದ್ದೇನೆ. ನಿನ್ನೆ ಇಲ್ಲಿನವರಿಗೆ ನನ್ನ ಕಥೆಗಳ ಪುಸ್ತಕ ಓದಿ ಹೇಳಿದೆ. ಮೊದಲ ಕಥೆಯಲ್ಲಿ ಅಂಗಡಿಯ ಕೇಕನ್ನು ತಾನೇ ಮಾಡಿದ್ದೆಂದು ಸ್ಪರ್ಧೆಗಿಟ್ಟು ಗೆದ್ದು, ಉಳಿದ ಕಥೆಗಳಲ್ಲೆಲ್ಲ ಅದೇ ಜಂಬದಲ್ಲಿ ಓಡಾಡುವ ಹೆಂಗಸಿದ್ದಾಳಲ್ಲ, ಅವಳು ತಾನೇ ಎಂದುಕೊಂಡಲ್ಲವೇ ಡಲ್ಸಿ ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟದ್ದು? ಓದಿ ಮುಗಿಸುತ್ತಲೇ ಒಬ್ಬ ಅಜ್ಜಿ ಎದ್ದು, "ನನ್ನ ಕಥೆ ನಿಂಗ್ಯಾರೇ ಹೇಳಿದ್ದು?" ಎಂದಳು. ಹಿಂದಿನಿಂದ ಇನ್ನೊಬ್ಬಳು, "ಸುಮ್ನೆ ಕೂತ್ಕೊಳೇ ಥೆಲ್ಮಾ, ನಿಂಗ್ಯಾವಾಗ ಬಂತು ಬಹುಮಾನ? ಅದು ನಾನು!" ಎಂದಳು. ಜಗಳ ಬಿಡಿಸುವಷ್ಟರಲ್ಲಿ ಚಹಾ ಆರಿತ್ತು.

ನಾನು ಆರಾಮ. ಊಟದ ಜೊತೆ ನೊಣ ಪುಕ್ಕಟೆ.

ನನ್ನ ಬಸ್ಸು ಹೊರಡುತ್ತಿದೆ. ಆ ಹೆಂಗಸು ಥೆಲ್ಮಾ ಅಂತಲೇ ಒಪ್ಪಿಕೊಂಡುಬಿಡಲಾ, ಚಿಕ್ಕಮ್ಮನನ್ನು ಕೇಳು. ಬೇಡ ಅನ್ನುವುದಾದರೆ ಅವಳೇ ನನಗೆ ಫೋನ್ ಮಾಡಲಿ.

ನಿನ್ನ ವೆರಿಟಿ