ಆರೋಗ್ಯವಂತರ ಸಾಲು

ಮಾರ್ಚ್ 4

ಮತ್ತೆ ಸ್ಲೈಡ್ ತೊಳೆಯುವ ಕೆಲಸ. ಕರೆಂಟ್ ಎರಡು ಸಲ ಹೋಯಿತು. ಫ್ರೀಜರ್‌ಗಾದರೂ ಜನರೇಟರ್ ಇದೆ, ನನಗಿಲ್ಲ.

ಗಾಜಿನ ಮೇಲೆ ಎಡಕ್ಕೆ ಅನ್ನನಾಳದ ಕ್ಯಾನ್ಸರ್ ಇರುವವರ ಅಂಗಾಂಶದ ಪ್ರೋಟೀನ್, ಬಲಕ್ಕೆ ಆರೋಗ್ಯವಂತರದ್ದು. ಸಾಸಿವೆಗಿಂತ ಸಣ್ಣ ಚುಕ್ಕೆಗಳು. ರೋಗದ ಪ್ರೋಟೀನ್ ಇದ್ದ ಚುಕ್ಕೆ ಸ್ಕ್ಯಾನರ್‌ನಲ್ಲಿ ಕೆಂಪಗೆ ಹೊಳೆಯುತ್ತದೆ. ಉಳಿದದ್ದು ಕಪ್ಪು.

ಎಲ್ಲ ಸರಿಯಾಗಿಯೇ ಬಂತು. ಬಲಗಡೆಯ ಕೊನೆಯ ಚುಕ್ಕೆ ಬಿಟ್ಟು. ಅದು ಕೆಂಪು.

ಅದು ಅಮ್ಮನದು.

ಅದೇ ದಿನ, ಸಂಜೆ

ಸ್ಯಾಂಪಲ್‌ಗಳಿಗೆ ಹೆಸರಿಲ್ಲ, ಸಂಕೇತ ಮಾತ್ರ. ಆದರೆ ಕೊನೆಗೆ ಬಂದವಳು ಅಮ್ಮ, ಚುಕ್ಕೆ ಇಟ್ಟವಳು ನಾನು. ಹೇಗೆ ಗೊತ್ತಾಗದಿರುತ್ತದೆ?

ಮೈ ಸರಿಯಿದ್ದವರು ಯಾರು ಗಂಟಲೊಳಗೆ ಪೈಪ್ ಬಿಡಿಸಿಕೊಳ್ಳುತ್ತಾರೆ? ನಮ್ಮ ಸಂಶೋಧನೆಗೆ ಆರೋಗ್ಯವಂತರು ಸಿಗದೆ ಗೋಳಾಡುತ್ತಿದ್ದೆ. ಅಮ್ಮ ಊರು ಕಪ್ಸಬೆಟ್‌ನಿಂದ ಮಟಾಟು ವ್ಯಾನ್ ಹತ್ತಿ ಇಲ್ಲಿಗೆ, ಎಲ್ಡೊರೆಟ್‌ಗೆ ಬಂದೇಬಿಟ್ಟಳು. "ಜನ ಬೇಕು ಅಂದ್ಯಲ್ಲ, ನಾನೇನು ಕುರೀನಾ?" ಎಂಡೋಸ್ಕೋಪಿ ಮಾಡಿದವರು ಎಲ್ಲ ಸ್ವಚ್ಛ ಎಂದರು. ಸ್ವಚ್ಛ!

ಮಾರ್ಚ್ 5

ಪಕ್ಕದ ಮೇಜಿನ ಸಹೋದ್ಯೋಗಿ ಓಡುವೊರ್‌ಗೆ ತೋರಿಸಿದೆ. ಯಾರದೆಂದು ಹೇಳಲಿಲ್ಲ.

"ಸ್ಲೈಡ್ ತಲೆಕೆಳಗೆ ಇಟ್ಟಿರ್ತೀಯ. ಹೋದ ವರ್ಷ ನಾನೂ ಹಾಗೇ ಇಟ್ಟು, ಒಂದು ವಾರ ಇಡೀ ವಾರ್ಡನ್ನೇ ಗುಣ ಮಾಡಿಬಿಟ್ಟಿರಲಿಲ್ವಾ?" ನಕ್ಕ. ನಾನೂ ನಕ್ಕೆ.

ಅವನು ಹೋದಮೇಲೆ ಪರದೆಯ ಮೇಲೆ ಚಿತ್ರ ತಿರುಗಿಸಿ ನೋಡಿದೆ. ರೋಗಿಗಳೆಲ್ಲ ಆರೋಗ್ಯವಂತರಾದರು, ಆರೋಗ್ಯವಂತರೆಲ್ಲ ರೋಗಿಗಳಾದರು. ಅಮ್ಮ ಒಬ್ಬಳನ್ನು ಸರಿಮಾಡಲು ಲೋಕವೇ ಸುಳ್ಳಾಗಬೇಕಿತ್ತು. ಹಾಗಲ್ಲ. ಸ್ಲೈಡ್ ಸರಿಯಾಗಿಯೇ ಇತ್ತು.

ಅದೇ ಸ್ಯಾಂಪಲ್‌ಗಳಿಂದ ಹೊಸ ಸ್ಲೈಡ್ ಹಾಕಿದ್ದೇನೆ. ದೇವರೇ, ನನ್ನ ಕೈ ತಪ್ಪಿರಲಿ... ಟ್ಯೂಬ್ ಅದಲುಬದಲಾಗಿರಲಿ. ಕೆಲಸದಿಂದ ತೆಗೆದರೂ ಸರಿ.

ಮಾರ್ಚ್ 8

ಕೆಂಪು.

ತಡೆಯಲಾಗಲಿಲ್ಲ. ನಮ್ಮ ತಂಡದ ಮುಖ್ಯಸ್ಥ ಡಾ. ವಂಜಾಲಾ ಅವರ ಕೋಣೆಗೆ ಹೋದೆ.

"ಇದು ಸಂಶೋಧನೆ, ಜೆಮೆಲಿ. ರೋಗ ಪತ್ತೆ ಅಲ್ಲ. ಒಂದು ಚುಕ್ಕೆ ನೋಡಿ ಯಾರಿಗೂ ಕ್ಯಾನ್ಸರ್ ಅನ್ನೋಕಾಗಲ್ಲ."

"ನಿಮ್ಮ ತಾಯಿಯ ಚುಕ್ಕೆ ಆಗಿದ್ರೆ, ಸರ್?"

ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಕೊನೆಯ ಚುಕ್ಕೆ ನೋಡಿದರು. ಆಮೇಲೆ, "ಕರೆಸು. ಈ ಸಲ ಅಯೋಡಿನ್ ಹಾಕಿ ನೋಡೋಣ."

ಅಯೋಡಿನ್ ಸಿಂಪಡಿಸಿದರೆ ಒಳ್ಳೆಯ ಜಾಗ ಕಂದಾಗುತ್ತದೆ, ಕೆಟ್ಟದ್ದು ಬಣ್ಣ ಹಿಡಿಯುವುದಿಲ್ಲ. ಮೊದಲ ಸಲ ಹಾಕಿರಲಿಲ್ಲ. ಆರೋಗ್ಯವಂತರಿಗೆ ಯಾಕೆ ಎಂದು.

ಮಾರ್ಚ್ 9

ಅಮ್ಮನಿಗೆ ಫೋನ್ ಮಾಡಿದೆ.

"ಮತ್ತೆ ಆ ಪೈಪಾ? ಒಂದ್ಸಲ ನುಂಗಿದ್ದು ಸಾಲದಾ?"

"ಯಂತ್ರ ಕೆಟ್ಟಿತ್ತಮ್ಮ..."

"ಯಂತ್ರ ಕೆಟ್ರೆ ನೀನು ಬೈತೀಯ, ಅಳಲ್ಲ. ಅಳ್ತಿದ್ದೀಯ."

ಮೂಗು ಒರೆಸಿಕೊಂಡೆ. ಆಮೇಲೆ ಅವಳೇ ಹೇಳಿದಳು. "ಕ್ರಿಸ್‌ಮಸ್‌ಗೆ ಮುಂಚೆಯಿಂದ ಉಗಾಲಿ ಮುದ್ದೆ ಎದೇಲೇ ನಿಲ್ತಿತ್ತು ಕಣೇ. ನೋಡಿಸ್ಕೊಂಡ ಹಾಗೂ ಆಗತ್ತೆ ಅಂತಲೇ ಬಂದಿದ್ದು."

"ಯಾಕಮ್ಮ ಹೇಳಲಿಲ್ಲ?"

"ಆರೋಗ್ಯವಾಗಿರೋರು ಮಾತ್ರ ಬೇಕು ಅಂದಿದ್ಯಲ್ಲ ನೀನು. ಹೇಳಿದ್ರೆ ಸೇರಿಸ್ಕೋತಿದ್ಯಾ? ಸ್ವಚ್ಛ ಅಂದಾಗ ನೇರ ಚರ್ಚಿಗೆ ಹೋಗಿದ್ದೆ."

ಸೇರಿಸಿಕೊಳ್ಳುವ ಮುಂಚೆ ಪ್ರಶ್ನೆ ಕೇಳಿದವಳು ನಾನೇ. ನುಂಗಲು ತೊಂದರೆ ಇದೆಯೇ? ಇಲ್ಲ ಎಂದಿದ್ದಳು, ನಗುತ್ತಾ. ನಾನು ಅವಳ ಮುಖವನ್ನೂ ನೋಡದೆ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಈಗ ಸಿಟ್ಟು ಬರುತ್ತದೆ. ಅವಳ ಮೇಲೆ, ನನ್ನ ಮೇಲೆ. ಹೆದರಿಕೆ ಅದಕ್ಕಿಂತ ಹೆಚ್ಚು.

ಮಾರ್ಚ್ 14

ಇವತ್ತು ಎಂಡೋಸ್ಕೋಪಿ ಆಯಿತು. ಬರೆಯಲೇಬೇಕು.

ಒಳಗೆ ಇರಲು ನನ್ನನ್ನೂ ಬಿಟ್ಟರು. ಅಮ್ಮ ಎಡಮಗ್ಗುಲಾಗಿ ಮಲಗಿದ್ದಳು. ಬಾಯಲ್ಲಿ ಪೈಪ್, ಮಾತಿಲ್ಲ. ನನ್ನ ಹೆಬ್ಬೆರಳು ಹಿಡಿದಿದ್ದಳು. ಅವಳಿಗೆ ಪರದೆ ಕಾಣುತ್ತಿರಲಿಲ್ಲ. ನನ್ನ ಮುಖ ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದಳು.

ಅಯೋಡಿನ್ ಹಾಕಿದರು. ಮೇಲೆ ಕಂದಾಯಿತು. ನಡುವೆಯೂ ಕಂದು, ಒಂದೇ ಸಮನೆ. ನನಗೆ ನಗು ಬಂದುಬಿಟ್ಟಿತು. ಅದನ್ನು ಕಂಡು ಅಮ್ಮನ ಕಣ್ಣುಗಳೂ ನಕ್ಕವು. ಪೈಪ್ ಇನ್ನೂ ಸ್ವಲ್ಪ ಕೆಳಗೆ ಇಳಿಯಿತು. ಅಲ್ಲಿ, ಪರದೆಯ ಮೇಲೆ ಅಂಗೈ ಅಗಲಕ್ಕೆ, ಬಣ್ಣ ಹಿಡಿಯದೆ ಬಿಳಿಚಿಕೊಂಡು...

ಮುಖ ತಿರುಗಿಸಬೇಕಿತ್ತು ನಾನು. ಅವಳು ನೋಡುತ್ತಲೇ ಇದ್ದಳು, ನನ್ನ ನಗು ಆರಿದ್ದನ್ನೂ ನೋಡಿದಳು, ನಾನು...